ಪೇಟಿಯ ಎಡಗಡೆ

ಬೀದರದ ಒಂದು ಸಂಗೀತ ನಾಟಕ ತಂಡದಲ್ಲಿ ನಾನು ಮೂವತ್ತೊಂದು ವರ್ಷ ಪೇಟಿ ಬಾರಿಸಿದೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ, ಬಾರಿಸುವವನಿಗೆ ಪೇಟಿ ಮಾಸ್ತರ. ಬೆರಳಿನ ಕೀಲುಗಳು ಹಿಡಿದುಕೊಂಡ ಮೇಲೆ ಬಿಟ್ಟೆ. ಬಿಟ್ಟು ಮೂರು ವರ್ಷವಾಯಿತು. ಈಗ ತಂಡದ ಸಂಗೀತವೆಲ್ಲ ಲ್ಯಾಪ್‌ಟಾಪಿನಲ್ಲಿದೆ. ಅದನ್ನು ನಡೆಸುವವಳು ಅಶ್ವಿನಿ, ಡಿಪ್ಲೊಮಾ ಓದಿದವಳು, ಕೆಲಸದಲ್ಲಿ ಚುರುಕು. ಹೋದ ತಿಂಗಳು ಅವಳು ಮನೆಗೆ ಬಂದು ಹೇಳಿದಳು: "ಮಾಸ್ತರ್ರ, ನಿಮ್ಮ ಕೆಲಸ ಖರೆ ಏನಿತ್ತು ಅಂತ ಒಂದಿಷ್ಟು ಬರದು ಕೊಡ್ರಿ. ನನ್ನ ಹಿಂದ ಬರೋರಿಗೆ ಬೇಕಾಗ್ತದ."

"ಪೇಟಿ ಬಾರಿಸೋದೇ ಇತ್ತವ್ವ. ಮತ್ತೇನಿತ್ತು?"

"ಅಷ್ಟೇ ಇದ್ದಿದ್ರ ಆ ಕೆಂಪು ವಹಿ ಯಾಕ ಮುಚ್ಚಿಡ್ತಿದ್ರಿ?"

ಆ ವಹಿಯ ವಿಷಯವನ್ನೇ ಬರೆಯುತ್ತೇನೆ. ನಾನು ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯುತ್ತೇನೆ. ನೋಡಿ ಸುಮ್ಮನಿದ್ದದ್ದೂ ಇದೆ. ಅದನ್ನೂ ಬರೆಯಬೇಕು.

ವಹಿಯಲ್ಲಿ ಒಬ್ಬ ನಟನಿಗೆ ಒಂದು ಹಾಳೆ. ಹೆಸರು, ಊರು, ಹಗಲೆಲ್ಲ ಮಾಡುವ ಕೆಲಸ, ಅದರ ಕೆಳಗೆ ಅವರ ಸ್ವರ. ಒಬ್ಬೊಬ್ಬರ ಕಂಠ ಪೇಟಿಯ ಬೆರಳೊತ್ತುವ ಒಂದೊಂದು ಪಟ್ಟಿಯ ಮೇಲೆ ಸರಿಯಾಗಿ ಕೂಡುತ್ತದೆ. ಬಿಳಿಯವನ್ನೂ ಕರಿಯವನ್ನೂ ಎಡದಿಂದ ಬೇರೆಬೇರೆ ಎಣಿಸಿ ಬಿಳಿ ಒಂದು, ಕರಿ ಒಂದು ಎಂದು ಪಟ್ಟಿಗಳಿಗೆ ಹೆಸರು ಹೇಳುತ್ತೇವೆ. ಬಲಕ್ಕೆ ಹೋದಷ್ಟೂ ಸ್ವರ ಏರು, ಎಡಕ್ಕೆ ಬಂದಷ್ಟೂ ತಗ್ಗು. ನಾಟಕಕ್ಕೆ ಮುಂಚೆ ಬಣ್ಣ ಹಚ್ಚುವ ಕೋಣೆಯಲ್ಲಿ ಮಾಸ್ತರ ಒಬ್ಬೊಬ್ಬರ ಹತ್ತಿರ ಕೂತು ಮೆಲ್ಲಗೆ ಸ್ವರ ಹಿಡಿಸುತ್ತಾನೆ. ಯಾರ ಸ್ವರ ಎಷ್ಟು ಎಂಬುದು ಆ ನಟನಿಗೆ ಮತ್ತು ಮಾಸ್ತರನಿಗೆ ಮಾತ್ರ ಗೊತ್ತಿರಬೇಕು. ಅದಕ್ಕೇ ವಹಿ ಮುಚ್ಚಿಡುತ್ತಿದ್ದೆ.

ಇದನ್ನು ಕಲಿಸಿದವರು ನನ್ನ ಉಸ್ತಾದರು, ನನಗಿಂತ ಮುಂಚೆ ತಂಡದ ಪೇಟಿ ಮಾಸ್ತರರಾಗಿದ್ದ ಉಸ್ಮಾನ ಸಾಬರು. ಚೌಬಾರದ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದರು. ನಾನು ಅವರ ಹತ್ತಿರ ಕಲಿಯುತ್ತಿದ್ದ ಎರಡನೆಯ ವರ್ಷ, ಕಲ್ಲಪ್ಪ ಕಾಕಾ ಎಂಬ ಹಿರಿಯ ನಟರ ಧ್ವನಿ ಮೇಲಿನ ಸ್ವರದಲ್ಲಿ ನಡುಗುತ್ತಿರುವುದು ನನ್ನ ಕಿವಿಗೆ ಬಿತ್ತು. ಬಣ್ಣದ ಕೋಣೆಯಲ್ಲಿ ಎಲ್ಲರೂ ಇದ್ದರು. ನಾನು ದೊಡ್ಡ ಉಪಕಾರ ಮಾಡುವವನಂತೆ, "ಕಾಕಾ, ಇವತ್ತ ನಿಮ್ಮ ಸ್ವರ ಒಂದು ಪಟ್ಟಿ ಇಳಿಸ್ಲೇನ್ರಿ?" ಎಂದು ಕೇಳಿಬಿಟ್ಟೆ.

ಕಲ್ಲಪ್ಪ ಕಾಕಾ ಹಚ್ಚುತ್ತಿದ್ದ ಮೀಸೆಯನ್ನು ಕಿತ್ತು ಕನ್ನಡಿಯ ಮುಂದೆ ಇಟ್ಟರು. "ಯಾಕಪ್ಪ, ನಿನ್ನ ಕಿವಿ ಕೆಟ್ಟಾವೇನು?" ಎಂದರು. ಅವತ್ತು ಹಟಕ್ಕೆ ಬಿದ್ದು ಮೊದಲಿನ ಸ್ವರದಲ್ಲೇ ಹಾಡಿದರು. ಮರುದಿನ ಅವರಿಗೆ ಮಾತೇ ಹೊರಡಲಿಲ್ಲ.

ಉಸ್ತಾದರು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಅಂಗಡಿಯಲ್ಲಿ ಪೇಟಿಗೆ ಗಾಳಿ ತುಂಬುವ ಭಾತೆಗೆ ಚರ್ಮ ಅಂಟಿಸುತ್ತ ಹೇಳಿದರು: "ಈ ಗಲಾ, ಈ ಕಂಠ, ಮನಷ್ಯಾಂದು ಇಜ್ಜತ್ ಅದ ಬೇಟಾ. ಅದನ್ನ ನಾಕು ಮಂದಿ ನಡುವ ಕೇಳ್ತಾರೇನು? ಪೇಟಿಗಿ ನಮಸ್ಕಾರ ಮಾಡುವಾಗ ಅವರ ಕೈ ಎಲ್ಲಿ ಬೀಳ್ತದ ನೋಡು."

ಆಮೇಲೆ ನೋಡತೊಡಗಿದೆ. ರಂಗದ ಮೇಲೆ ಹೋಗುವ ಮುಂಚೆ ಪ್ರತಿಯೊಬ್ಬ ನಟನೂ ಪೇಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಎಲ್ಲರ ಕೈ ಮುಚ್ಚಳದ ನಡುವೆ ಬೀಳುತ್ತದೆ. ಆದರೆ ಕಂಠ ಸರಿ ಇಲ್ಲದವರ, ವಯಸ್ಸಾದವರ ಕೈ ನನ್ನ ಎಡಗಡೆ, ತಗ್ಗು ಸ್ವರದ ಕಡೆ ಬೀಳುತ್ತಿತ್ತು. ಎಡಕ್ಕೆ ಬಿದ್ದರೆ, ವಹಿಯಲ್ಲಿರುವ ಅವರ ಸ್ವರಕ್ಕಿಂತ ಒಂದು ಪಟ್ಟಿ ಕೆಳಗೆ ಬಾರಿಸಬೇಕು. ನಟನೂ ಬಾಯಿಬಿಟ್ಟು ಕೇಳುವುದಿಲ್ಲ, ಮಾಸ್ತರನೂ ಬಾಯಿಬಿಟ್ಟು ಕೊಡುವುದಿಲ್ಲ. ಕಲ್ಲಪ್ಪ ಕಾಕಾ ಕೂಡ ಅದುವರೆಗೆ ಎಷ್ಟೋ ಸಲ ಎಡಗಡೆ ಮುಟ್ಟಿದ್ದರಂತೆ. ನನಗೆ ಗೊತ್ತಿರಲಿಲ್ಲ.

ನಮ್ಮ ತಂಡದಲ್ಲಿ ನಾಟಕದಿಂದಲೇ ಬದುಕಿದವರು ಯಾರೂ ಇರಲಿಲ್ಲ. ಎಲ್ಲರಿಗೂ ಹಗಲಿನ ಕೆಲಸ ಬೇರೆ ಇತ್ತು, ಆ ಕೆಲಸ ಸಂಜೆ ಅವರ ಕಂಠದಲ್ಲಿ ಬಂದು ಕೂತಿರುತ್ತಿತ್ತು. ವೈಜಿನಾಥ ಭಾಲ್ಕಿ-ಬೀದರ ಬಸ್ಸಿನ ಕಂಡಕ್ಟರ್. ರಜೆಯ ದಿನ ಅವನ ಸ್ವರ ಬಿಳಿ ಎರಡು, ಡ್ಯೂಟಿ ಮುಗಿಸಿ ಬಂದ ದಿನ ಕರಿ ಒಂದು. ಸೋಮವಾರದ ಸಂತೆಯ ಪ್ರಯಾಣಿಕರನ್ನು ಹತ್ತಿಸಿ ಇಳಿಸಿ ಬಂದಿದ್ದರೆ ಬಿಳಿ ಒಂದಕ್ಕೂ ಇಳಿಯುತ್ತಿತ್ತು. ಹೀಗಾಗಿ ಸ್ವರ ಹಿಡಿಸುವ ಮುಂಚೆ, "ಇವತ್ತು ಏನು ಕೆಲಸ ಮಾಡಿ ಬಂದ್ರಿ?" ಎಂದು ಕೇಳುವ ರೂಢಿ ಮಾಡಿಕೊಂಡೆ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ. ಸ್ವರ ಕೇಳುವ ಮುಂಚೆ ಕೆಲಸ ಕೇಳಿರಿ.

ಒಮ್ಮೆ ಭಾಲ್ಕಿಯಲ್ಲಿ ವೈಜಿನಾಥ ಜಮಾದಾರನ ಪಾತ್ರದಲ್ಲಿ ಸಿಪಾಯಿಗಳಿಗೆ, "ಕೋಟೆಯ ಬಾಗಿಲಿಗೆ ನಡೆಯಿರಿ" ಎಂದು ಆಜ್ಞೆ ಮಾಡಬೇಕಿತ್ತು. ಬೆಳಗಿನಿಂದ ಡ್ಯೂಟಿ ಮಾಡಿ ಬಂದಿದ್ದ. ಕೈ ಎತ್ತಿ, "ಮುಂದ ಸರೀರಿ, ಮುಂದ ಸರೀರಿ, ಹಿಂದ ಜಾಗಾ ಅದ" ಎಂದುಬಿಟ್ಟ. ಪ್ರೇಕ್ಷಕರಲ್ಲಿ ಅರ್ಧ ಜನ ಅವನ ಬಸ್ಸಿನವರೇ. ಮುಂದಿನ ಸಾಲಿನ ಒಬ್ಬ ಅಜ್ಜಿ, "ಟಿಕೀಟ್ ತಗೊಂಡೇವಪ್ಪ" ಎಂದು ಕೂಗಿದಳು.

ಮಾಳಗೊಂಡ ಡಾಬಕಾ ಹಳ್ಳಿಯವನು. ಕುರಿ ಸಾಕುವ ಮನೆತನ. ಅಡವಿಯಲ್ಲಿ ಕೂಗಿ ಕೂಗಿ ಕಂಠ ಬಿಚ್ಚಿದ್ದ, ಅವನ ಸ್ವರ ಕರಿ ಐದು. ಅಷ್ಟು ಎತ್ತರದಲ್ಲಿ ಹಾಡಿದ ಗಂಡಸು ನಮ್ಮ ತಂಡದಲ್ಲಿ ಮತ್ತೊಬ್ಬನಿಲ್ಲ. ಮೆಲ್ಲಗೆ ಹಾಡು ಎಂದರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ನಮ್ಮ ನಿರ್ದೇಶಕರು ಕಾಶೀನಾಥ ಸರ್, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಅವನಿಗೆ ಕುರುಬನ ಪಾತ್ರ ಕೊಟ್ಟರು. ಮಾಳಗೊಂಡ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ:

"ದಿನಾ ಕುರಿ ಕಾಯೋದು ಅದ್ಯಲ್ರಿ ಸರ್. ಎರಡು ಬಸ್ ಬದಲಿ ಮಾಡಿ ಬೀದರತನ ಬಂದೂ ಅದೇ ಕಾಯ್ಬೇಕೇನ್ರಿ? ನನಗ ಮಂತ್ರಿ ಮಾಡ್ರಿ."

"ಮಂತ್ರಿಗಿ ಭಾಳ ಮಾತವ ಮಾಳಗೊಂಡ."

"ನಾನೂರು ಕುರಿ ಗುರ್ತ ಹಿಡೀತೇನ್ರಿ. ನಾಕು ಹಾಳಿ ಮಾತು ಹಿಡಿಯಂಗಿಲ್ಲೇನ್ರಿ?"

ಮಂತ್ರಿಯಾದ. ಹನ್ನೆರಡು ವರ್ಷ ಅವನೇ ಮಂತ್ರಿ. ಯಾರಿಂದಲೋ ಓದಿಸಿ ಕೇಳಿಯೇ ಅಷ್ಟೂ ಮಾತು ಕಲಿತಿದ್ದ.

ಇನ್ನು ಶಾಂತಾಬಾಯಿಯ ಹಾಳೆ.

ಹಲಬರ್ಗಾದ ಬೌದ್ಧ ಮನೆತನದ ಹೆಣ್ಣುಮಗಳು, ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ತಾಯಿ ಜಯಂತಿಯ ದಿನಗಳಲ್ಲಿ ಭೀಮ ಗೀತೆ ಹಾಡುತ್ತಿದ್ದವರು. ಮಗಳಿಗೆ ಕಂಠ ಅಲ್ಲಿಂದ ಬಂದಿತ್ತು. ಮೊದಲ ದಿನ ಸ್ವರ ಹಿಡಿಸಿದಾಗ ಕರಿ ನಾಲ್ಕರಲ್ಲಿ ಕೂತಿತು. ಸ್ವರ ಎಲ್ಲೂ ಅಲುಗಲಿಲ್ಲ.

ಮೊದಲ ಪ್ರಯೋಗದ ಕರಪತ್ರದಲ್ಲಿ ನಟರ ಪರಿಚಯ ಹಾಕುವುದಿತ್ತು. ಕಾಶೀನಾಥ ಸರ್ ಅವರ ಹೆಸರಿನ ಮುಂದೆ "ದಲಿತ ಸಮಾಜದ ಪ್ರತಿಭೆ" ಎಂದು ಬರೆದು, ಒಳ್ಳೆಯ ಮನಸ್ಸಿನಿಂದಲೇ, ಓದಿ ತೋರಿಸಿದರು. ಶಾಂತಾಬಾಯಿ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗೆ ಎಲ್ಲರ ಹೆಸರು ಓದಿದರು.

"ವೈಜಿನಾಥ ಅವರ ಮುಂದ ಕಂಡಕ್ಟರ್ ಅಂತ ಅದ ಸರ್. ಅವರ ಸಮಾಜ ಬರದಿಲ್ಲ."

"ಅದು ಹಂಗಲ್ಲವ್ವ, ನಿನ್ನ ಹೆಮ್ಮಿಗಿ ಅಂತ..."

"ಸಾಲಿ ಟೀಚರ್ ಅಂತ ಬರೀರಿ ಸರ್. ನಾ ದಿನಾ ಮಾಡೋದು ಅದೇ."

ಸರ್ ಹೊಡೆದು ಹಾಕಿ ಹಾಗೆಯೇ ಬರೆದರು. ನಾನೂ ವಹಿಯಲ್ಲಿ ಹಾಗೆಯೇ ಬರೆದುಕೊಂಡೆ.

ಸರ್ ಬರೆದು ಆಡಿಸಿದ ನಾಟಕದ ಹೆಸರು "ಸುರಂಗದ ನೀರು". ಬೀದರದ ನೆಲದಡಿಯಲ್ಲಿ ಹಿಂದಿನವರು ತೋಡಿದ ಸುರಂಗ ಬಾವಿಗಳಿವೆಯಲ್ಲ, ಅವನ್ನು ತೋಡಿದವರ ಕತೆ. ಶಾಂತಾಬಾಯಿ ಗಂಗವ್ವನ ಪಾತ್ರ. ಮಣ್ಣು ಕುಸಿದು ಕೆಲಸಗಾರರು ಒಳಗೆ ಸಿಕ್ಕಿಕೊಂಡಾಗ ಗಂಗವ್ವ ಸುರಂಗಕ್ಕೆ ಇಳಿದು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾಳೆ. ಹಾಗೆ ಕರೆಯುವ ಹಾಡೇ ನಾಟಕದ ಮೂರನೆಯ ಪದ. ಒಂದೊಂದು ಹೆಸರಿಗೆ ಸ್ವರ ಒಂದೊಂದು ಮೆಟ್ಟಿಲು ಏರುತ್ತದೆ. ಎಲ್ಲಕ್ಕಿಂತ ಮೇಲಿನ ಹೆಸರು ಅವಳ ಮಗನದು. ಆ ಹೆಸರಿಗಾಗಿಯೇ ಜನ ನಾಟಕಕ್ಕೆ ಬರುತ್ತಿದ್ದರು.

ಒಂಬತ್ತು ವರ್ಷ ಅವರು ಅದನ್ನು ಕರಿ ನಾಲ್ಕರಲ್ಲಿ ಹಾಡಿದರು. ಹತ್ತನೆಯ ವರ್ಷ ಭಾಲ್ಕಿಯ ಒಂದು ಪ್ರಯೋಗದಲ್ಲಿ, ನಮಸ್ಕಾರ ಮಾಡುವಾಗ ಅವರ ಕೈ ಮೊದಲ ಸಲ ಎಡಕ್ಕೆ ಬಿತ್ತು. ನಾನು ಪಕ್ಕದ ಪಟ್ಟಿ ಬಿಳಿ ಐದಕ್ಕೆ ಇಳಿದೆ. ಅಲ್ಲಿಂದ ಮುಂದೆ ಬಿಳಿ ಐದೇ ಅವರ ಸ್ವರವಾಯಿತು. ವಹಿಯಲ್ಲಿ ಬರೆದುಕೊಂಡೆ. ಸರ್‌ಗೆ ಗೊತ್ತಾಗಲಿಲ್ಲ, ಪ್ರೇಕ್ಷಕರಿಗೂ ಗೊತ್ತಾಗಲಿಲ್ಲ. ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಇದ್ದರೆ ಇಂಥದ್ದರಲ್ಲಿ ಇತ್ತು.

ಎರಡು ವರ್ಷದ ನಂತರ ತಬಲಾದವರು ಊರು ಬಿಟ್ಟರು, ಸಾರಂಗಿಯವರು ತೀರಿಕೊಂಡರು. ಬೇರೆ ವಾದಕರನ್ನು ಕರೆಸಿ ಸಂಗೀತವನ್ನು ಒಮ್ಮೆ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ ಲ್ಯಾಪ್‌ಟಾಪಿನಿಂದ ಹಾಕುವುದೆಂದು ಸರ್ ತೀರ್ಮಾನಿಸಿದರು. ಪೇಟಿ ಮಾತ್ರ ರಂಗದ ಪಕ್ಕದಲ್ಲಿ ಇರಲಿ, ನಡುನಡುವೆ ಬಾರಿಸಿದರಾಯಿತು ಎಂದರು. ರೆಕಾರ್ಡಿಂಗಿನ ದಿನ ಶಾಂತಾಬಾಯಿಗೆ ಶಾಲೆಯಲ್ಲಿ ಪರೀಕ್ಷೆ ಇತ್ತು, ಬರಲಿಲ್ಲ. ಸರ್ ನನ್ನನ್ನು ಕೇಳಿದರು:

"ಗಂಗವ್ವನ ಪದ ಯಾವ ಸ್ವರರಿ ಮಾಸ್ತರ್ರ? ಕರಿ ನಾಕಲ್ಲ?"

ಸ್ಟುಡಿಯೋದಲ್ಲಿ ಆರು ಜನ ಇದ್ದರು. ಬಿಳಿ ಐದು ಎಂದಿದ್ದರೆ, ಯಾವಾಗಿನಿಂದ, ಯಾಕೆ ಎಂದು ಸರ್ ಕೇಳುತ್ತಿದ್ದರು. ಒಬ್ಬರ ಕಂಠದ ವಿಷಯ ನಾಲ್ಕು ಜನರ ನಡುವೆ ಆಡಬಾರದೆಂದು ನಾನು ಕಲಿತಿದ್ದೆ. "ಹೌದ್ರಿ" ಎಂದೆ. ಸರ್‌ರನ್ನು ಹೊರಗೆ ಕರೆದು ಒಬ್ಬರಿಗೇ ಹೇಳಬಹುದಿತ್ತು. ಶಾಂತಾಬಾಯಿಗೆ ಫೋನು ಮಾಡಿ ಕೇಳಬಹುದಿತ್ತು. ಎರಡೂ ಆಗ ಹೊಳೆಯಲಿಲ್ಲ. ಬಾಯಿಮುಚ್ಚಿದ್ದರೆ ಕೆಲಸ ಸರಿಯಾಗಿ ಮಾಡಿದಂತೆ ಎಂಬುದು ನನ್ನಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಹೊಸ ಸಂಗೀತದೊಂದಿಗೆ ಬೀದರದಲ್ಲಿ ಒಂದು ತಾಲೀಮು ಆಯಿತು. ಶಾಂತಾಬಾಯಿ ಕರಿ ನಾಲ್ಕು ಕೇಳಿದ ಕೂಡಲೇ ನನ್ನ ಕಡೆ ಒಮ್ಮೆ ನೋಡಿದರು. ಹೇಗೋ ಕಷ್ಟಪಟ್ಟು ಮುಟ್ಟಿದರು. 

ಅದಾದ ಹದಿನೈದು ದಿನಕ್ಕೆ ಔರಾದದ ಒಂದು ಕಾಲೇಜಿನ ಸಭಾಭವನದಲ್ಲಿ ಮಧ್ಯಾಹ್ನ ನಾಟಕ. ಬೆಂಗಳೂರಿನ ಉತ್ಸವವೊಂದಕ್ಕೆ ನಾಟಕ ಆರಿಸಲು ಇಬ್ಬರು ಬಂದು ಮುಂದೆ ಕೂತಿದ್ದರು. ಸರ್ ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದರು, ಏನೇ ಆದರೂ ಸಂಗೀತ ನಿಲ್ಲಿಸಬಾರದು. ಸರ್ ಎಂದೂ ದನಿ ಏರಿಸಿದವರಲ್ಲ, ಹೇಳಿದ್ದನ್ನು ಎರಡನೆಯ ಸಲ ಹೇಳಿದವರೂ ಅಲ್ಲ.

ಆ ದಿನ ನಾನು ಬಣ್ಣದ ಕೋಣೆಗೆ ಹೋಗಲಿಲ್ಲ. ಎಲ್ಲರ ಸ್ವರವೂ ರೆಕಾರ್ಡ್ ಆಗಿರುವಾಗ ಹಿಡಿಸುವುದೇನಿದೆ ಎಂದುಕೊಂಡೆ. ಹೋಗಿದ್ದರೆ ಏನು ಕೆಲಸ ಮಾಡಿ ಬಂದಿರಿ ಎಂದು ಕೇಳುತ್ತಿದ್ದೆ. ಶಾಂತಾಬಾಯಿ ಸಮೀಕ್ಷೆಯ ಡ್ಯೂಟಿಯಲ್ಲಿ ಮೂರು ದಿನ ಮನೆಮನೆ ತಿರುಗಿ, ಅವೇ ಪ್ರಶ್ನೆಗಳನ್ನು ನೂರಾರು ಸಲ ಕೇಳಿ ಬಂದಿದ್ದರು. ಅದು ನನಗೆ ಆಮೇಲೆ ತಿಳಿಯಿತು.

ಮೂರನೆಯ ಪದಕ್ಕೆ ಮುಂಚೆ ಅವರು ಪರದೆಯ ಪಕ್ಕ ಬಂದರು. ಕೈಯಲ್ಲಿ ಗಂಗವ್ವನ ಕಂದೀಲು. ಅದನ್ನು ಎಡಗೈಗೆ ಬದಲಿಸಿ, ಬಗ್ಗಿ, ಬಲಗೈಯಿಂದ ಪೇಟಿ ಮುಟ್ಟಿದರು. ಕೈ ನನ್ನ ಎಡಗಡೆಗೆ, ಮುಚ್ಚಳದ ತುದಿಗೆ ಬಿತ್ತು. ಬಿಟ್ಟೂ ಬಿಡದಂತೆ ಒಂದು ಕ್ಷಣ ಅಲ್ಲೇ ಇತ್ತು. ನಂತರ ಕಣ್ಣಿಗೆ ಒತ್ತಿಕೊಂಡು ರಂಗಕ್ಕೆ ಹೋದರು.

ನಾನು ನೋಡಿದೆ. ಇದರಲ್ಲಿ ಸಂಶಯವಿಲ್ಲ. ನನ್ನ ಮುಂದೆ ಪೇಟಿ ಇತ್ತು, ಅದರ ಮುಂದೆ ಮೈಕು ಇತ್ತು. ಅಶ್ವಿನಿ ನನ್ನ ಬಲಕ್ಕೆ ಎರಡು ಮಾರು ದೂರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ನನ್ನ ಸನ್ನೆ ಕಾಯುತ್ತಿದ್ದಳು. ಬೇಡ ಎಂದು ಕೈ ಅಡ್ಡ ಆಡಿಸಿ ನಾನೇ ಬಿಳಿ ಐದಕ್ಕಿಂತ ಒಂದು ಪಟ್ಟಿ ಕೆಳಗೆ, ಕರಿ ಮೂರರಲ್ಲಿ ಬಾರಿಸಬಹುದಿತ್ತು. ಎಡಗೈ ಭಾತೆಯ ಮೇಲೆ ಇಟ್ಟೆ. ಮುಂದಿನ ಸಾಲಿನಲ್ಲಿ ಸರ್ ಆ ಇಬ್ಬರ ಪಕ್ಕ ನೆಟ್ಟಗೆ ಕೂತಿದ್ದು ಕಾಣಿಸಿತು. ಕೈ ತೆಗೆದೆ. ಅಶ್ವಿನಿಗೆ ತಲೆ ಆಡಿಸಿದೆ.

ಮೊದಲ ನಾಲ್ಕು ಹೆಸರು ಆದವು. ಐದನೆಯದು ಗೀರಿತು. ಮಗನ ಹೆಸರಿಗೆ ಧ್ವನಿ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಆ ಒಡೆದ ದನಿಯನ್ನು ಹಾಗೆಯೇ ಅನುಕರಿಸಿದ, ನಗು ಎದ್ದಿತು. ಸಂಗೀತ ನಿಲ್ಲಲಿಲ್ಲ. ಸಾರಂಗಿ, ತಬಲಾ ಎಲ್ಲ ತಮ್ಮ ಪಾಡಿಗೆ ಕೊನೆಯವರೆಗೆ ನಡೆದವು, ನಡುವೆ ಅವರು ಕಂದೀಲು ಹಿಡಿದು ನಿಂತಿದ್ದರು. ಮುಗಿದ ಮೇಲೆ ಮಗನ ಹೆಸರನ್ನು ಹಾಡದೆ, ಮಾತಿನಲ್ಲಿ ಒಂದು ಸಲ ಹೇಳಿ ಒಳಗೆ ಬಂದರು. ಉಳಿದ ದೃಶ್ಯಗಳಲ್ಲಿ ಒಂದು ಮಾತೂ ತಪ್ಪಲಿಲ್ಲ. ನಾಟಕ ಮುಗಿದು ಬಣ್ಣ ತೊಳೆದುಕೊಂಡು, "ಬರ್ತೇನ್ರಿ" ಎಂದು ಎಲ್ಲರಿಗೂ ಹೇಳಿ ಭಾಲ್ಕಿ ಬಸ್ಸು ಹತ್ತಿದರು. ಮತ್ತೆ ತಂಡಕ್ಕೆ ಬರಲಿಲ್ಲ.

ತಂಡದ ಟೆಂಪೋದಲ್ಲಿ ಬೀದರಕ್ಕೆ ಮರಳುವಾಗ ನಾನು ಅಶ್ವಿನಿಗೆ ಹೇಳಿದೆ, ಯಂತ್ರದಲ್ಲಿ ಒಮ್ಮೆ ತುಂಬಿದ ಮೇಲೆ ಸ್ವರ ಇಳಿಸಲು ಬರುವುದಿಲ್ಲ, ಅದೇ ಅದರ ದೋಷ ಎಂದು.

"ಬರ್ತದ್ರಿ ಮಾಸ್ತರ್ರ," ಎಂದಳು. "ಒಂದು ಬಟನ್ ಅದ. ಒತ್ತಿದ್ರ ಪಟ್ಟಿ ಪಟ್ಟಿ ಇಳೀತದ. ನೀವು ಹೇಳಲೇ ಇಲ್ಲಲ್ರಿ."



ಇದಾಗಿ ಐದು ವರ್ಷ. ಬರೆದು ಕೊಡಿರಿ ಎಂದು ಅಶ್ವಿನಿ ಕೇಳಿ ಹೋದ ಮೇಲೆ ವಹಿ ತೆಗೆದೆ. ಶಾಂತಾಬಾಯಿಯ ಹಾಳೆಯಲ್ಲಿ ಪ್ರತಿ ಪ್ರಯೋಗವೂ ಇತ್ತು, ಔರಾದದ್ದು ಮಾತ್ರ ಇರಲಿಲ್ಲ. ಅವರನ್ನು ಕಾಣದೆ ಇದನ್ನು ಬರೆಯುವುದು ಸರಿಯಲ್ಲ ಅನ್ನಿಸಿತು. ಹೋದ ಭಾನುವಾರ ಹಲಬರ್ಗಾಕ್ಕೆ ಹೋದೆ.

ಅವರು ಪಡಸಾಲೆಯಲ್ಲಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು. "ಬರ್ರಿ ಮಾಸ್ತರ್ರ. ಕೈ ಹ್ಯಾಂಗ ಅವ?" ಎಂದರು. ಶಾಲೆಯ ಮಾತು ಬಂತು. ಪ್ರಾರ್ಥನೆ ಈಗಲೂ ನೀವೇ ಹೇಳಿಕೊಡುತ್ತೀರಾ ಎಂದು ಕೇಳಿದೆ.

"ಇಲ್ರಿ. ಮೊಬೈಲಿನಾಗ ಅದ. ಹಚ್ಚಿ ಬಿಡ್ತೇನಿ. ಮಕ್ಕಳು ಅದರ ಕೂಡ ಹಾಡ್ತಾವ."

ಆಮೇಲೆ ಹೇಳಿದೆ: "ಔರಾದದಾಗ ನಿಮ್ಮ ಕೈ ಎಡಕ್ಕ ಬಿದ್ದದ್ದು ನಾ ನೋಡಿದ್ದೆ, ಶಾಂತಾಬಾಯಿ."

ಬೇಳೆಯ ಮೇಲೆ ಅವರ ಕೈ ನಿಂತಿತು.

"ನೋಡಿದ್ರಿ?"

"ಹೌದು."

"ನೀವು ಆ ಮಷೀನ್ ಕಡಿ ನೋಡ್ಲಿಕತ್ತಿದ್ರಿ, ನನ್ನ ಕೈ ನಿಮಗ ಕಾಣಲಿಲ್ಲ ಅಂತ ತಿಳಕೊಂಡಿದ್ದೆ. ಮನಿಯಾಗ ಕೇಳ್ದೋರಿಗೆಲ್ಲ ಹಂಗೇ ಹೇಳೇನಿ. ಐದು ವರ್ಷ ಹಂಗೇ ಹೇಳೇನಿ." ಮೊರವನ್ನು ಪಕ್ಕಕ್ಕೆ ಸರಿಸಿದರು. "ಇನ್ನ ಏನಂತ ಹೇಳ್ಲಿರಿ?"

 ನನ್ನ ಭಾರ ಇಳಿಸಿಕೊಳ್ಳಲು ಹೋಗಿ, ಅವರು ಇಷ್ಟು ದಿನ ಆಧಾರಕ್ಕೆ ಹಿಡಿದುಕೊಂಡಿದ್ದನ್ನೂ ಕಸಿದುಕೊಂಡೆನೆಂದು ಆಗ ತಿಳಿಯಿತು. ಸ್ಟುಡಿಯೋದಲ್ಲಿ ನಡೆದದ್ದನ್ನೂ, ಬಟನ್ನಿನ ವಿಷಯವನ್ನೂ, ಅಶ್ವಿನಿ ಬರೆದು ಕೊಡಲು ಕೇಳಿದ್ದನ್ನೂ ಹೇಳಿದೆ. ಇಷ್ಟಾದ ಮೇಲೆ ಉಳಿಸಿಕೊಳ್ಳುವುದು ಏನೂ ಇರಲಿಲ್ಲ. ಅವರು ಪೂರ್ತಿ ಕೇಳಿದರು. ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕನ್ನಡಕ ಹಾಕಿಕೊಂಡಿದ್ದರು.

"ವಹಿ ತಂದೀರೇನು?"

ಕೊಟ್ಟೆ. ತಮ್ಮ ಹಾಳೆಯನ್ನು ಬೆರಳಿಟ್ಟು ಓದಿದರು. ಶಾಲೆಯಲ್ಲಿ ಮಕ್ಕಳ ಪುಸ್ತಕ ನೋಡುವ ಹಾಗೆಯೇ.

"ಔರಾದದ್ದು ಇಲ್ಲಲ್ರಿ ಇದರಾಗ."

"ಬರೀಲಿಲ್ಲ."

"ಬರೀರಿ."

"ಏನಂತ ಬರೀಲಿ?"

"ನಾ ಕೇಳಿದ್ದು ಬರೀರಿ. ನೀವು ಕೊಟ್ಟದ್ದು ಬರೀರಿ. ಆ ಹುಡುಗಿಗಿ ಬರದು ಕೊಡ್ತೀರಲ್ಲ, ಅದರಾಗೂ ಹಾಕ್ರಿ. ಮುಂದ ಪೇಟಿ ಮುಂದ ಕೂಡೋರು, ಮಷೀನ್ ಮುಂದ ಕೂಡೋರು, ಎಲ್ಲಾರೂ ಓದಲಿ. ನನ್ನ ಹೆಸರು ಮುಚ್ಚಬ್ಯಾಡ್ರಿ. ಮುಚ್ಚಿಟ್ಟಿದ್ದು ಸಾಕು."

ನಾನು ಪೆನ್ನು ತೆಗೆದೆ. ಬೆರಳು ಮಡಚಲು ಹೊತ್ತು ಹಿಡಿಯಿತು. ಅವರು ವಹಿಯ ಅಂಚನ್ನು ಅಲುಗದಂತೆ ಒತ್ತಿ ಹಿಡಿದಿದ್ದರು. ಬರೆದದ್ದು ಇಷ್ಟು:

ಶಾಂತಾಬಾಯಿ, ಹಲಬರ್ಗಾ, ಸಾಲಿ ಟೀಚರ್. ಔರಾದ, ಮೂರನೆಯ ಪದ. ಕೇಳಿದ್ದು ಕರಿ ಮೂರು. ಕೊಟ್ಟದ್ದು ಕರಿ ನಾಲ್ಕು.